ಒಂದೇ ವರ್ಷಕ್ಕೆ ಇಬ್ಬರು ವಿಶ್ವ ಚಾಂಪಿಯನ್ನರು: ಒಳಾಂಗಣ ಬೌಲ್ಸ್‌ನಲ್ಲಿ ಯಾರ ಲೆಕ್ಕ ಸರಿ?

ಪ್ರಶ್ನೆ: ನಾವು ಗ್ಲಾಸ್ಗೋ ಹತ್ತಿರ ಎಂಟು ವರ್ಷಗಳಿಂದ ಇದ್ದೇವೆ. ದಾವಣಗೆರೆಯಿಂದ ನಮ್ಮ ಮಾವನವರು ಬಂದಿದ್ದಾರೆ, ವಯಸ್ಸು 71. ಚಳಿಗಾಲದಲ್ಲಿ ಮನೆಯೊಳಗೇ ಕುಳಿತು ಬೇಸತ್ತಿದ್ದ ಅವರನ್ನು ನನ್ನ ಗಂಡ ಹತ್ತಿರದ ಒಳಾಂಗಣ ಬೌಲ್ಸ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಜ್ಯಾಕ್ ಎಂಬ ಚಿಕ್ಕ ಚೆಂಡಿನ ಹತ್ತಿರಕ್ಕೆ ಬೌಲ್ ಎಂಬ ದೊಡ್ಡ ಚೆಂಡುಗಳನ್ನು ಉರುಳಿಸುವ ಆಟ ಅದು. ಅಂದಿನಿಂದ ಅವರಿಗೆ ಅದೇ ಧ್ಯಾನ. ಕನ್ನಡ ಸಂಘದ ಯುಗಾದಿ ಸಂಚಿಕೆಗೆ ಈ ಆಟದ ವಿಶ್ವ ಚಾಂಪಿಯನ್‌ಶಿಪ್ ಇತಿಹಾಸ ಬರೆಯುತ್ತೇನೆಂದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆ. ಆದರೆ ಕ್ಲಬ್ಬಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದು 1888ರಲ್ಲಿ ಎಡಿನ್‌ಬರೋದಲ್ಲಿ ಶುರುವಾಯಿತು ಎಂದು ಒಬ್ಬರು, 1979ರಲ್ಲಿ ಕೋಟ್‌ಬ್ರಿಜ್‌ನಲ್ಲಿ ಎಂದು ಇನ್ನೊಬ್ಬರು. ನಿಜವಾದ ವಿಶ್ವ ಚಾಂಪಿಯನ್‌ಶಿಪ್ ಹುಟ್ಟಿದ್ದೇ 2022ರಲ್ಲಿ ಬ್ರಿಸ್ಟಲ್‌ನಲ್ಲಿ, ಇಂಗ್ಲೆಂಡಿನ ಹೋಪ್ಟನ್ ಊರಿನಲ್ಲಿ ನಡೆಯುವುದು ಟಿವಿಗಾಗಿ ಕಟ್ಟಿದ ಆಟ ಎಂದು ಮೂರನೆಯವರು. ಮಾವನವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವರು. ತಮ್ಮ ಹೆಸರಿನಲ್ಲಿ ತಪ್ಪು ಇಸವಿ ಅಚ್ಚಾದೀತೆಂದು ಬರವಣಿಗೆಯನ್ನೇ ನಿಲ್ಲಿಸಿಬಿಟ್ಟಿದ್ದಾರೆ. ಯಾರ ಮಾತು ಸರಿ? ಜನವರಿಯಲ್ಲಿ ಅವರನ್ನು ಹೋಪ್ಟನ್‌ಗೆ ಕರೆದೊಯ್ಯಬೇಕೆಂದಿದ್ದೇವೆ. ಅಷ್ಟು ದೂರ ಹೋಗುವುದು ಸಾರ್ಥಕವೇ?

ಉತ್ತರ: ನಿಮ್ಮ ಮಾವನವರು ಬರವಣಿಗೆ ನಿಲ್ಲಿಸಬೇಕಾಗಿಲ್ಲ. ಆ ಮೂವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬರು ಆಟದ ಹುಟ್ಟನ್ನು ಹೇಳಿದ್ದಾರೆ, ಮತ್ತೊಬ್ಬರು ಒಂದು ಪಂದ್ಯಾವಳಿಯ ಹುಟ್ಟನ್ನು, ಮೂರನೆಯವರು ಬೇರೊಂದು ಪಂದ್ಯಾವಳಿಯ ಹುಟ್ಟನ್ನು. ಮೂರನ್ನೂ ಒಂದೇ ಗಂಟಿಗೆ ಕಟ್ಟಲು ಹೋದಾಗ ಗೊಂದಲವಾಗುತ್ತದೆ. ನಾನು ಸ್ಕಾಟ್ಲೆಂಡಿನ ಕ್ಲಬ್ಬುಗಳಲ್ಲಿ ಇಪ್ಪತ್ತು ವರ್ಷ ಅಂಪೈರ್ ಆಗಿ, ಹೊಸಬರಿಗೆ ಕಲಿಸುವವನಾಗಿ ಕೆಲಸ ಮಾಡಿದ್ದೇನೆ. ಈ ಜಗಳವನ್ನು ಚಹಾದ ಮೇಜಿನ ಸುತ್ತ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಎಡಿನ್‌ಬರೋ. ಬ್ರಿಟನ್ನಿನಲ್ಲಿ ಹುಲ್ಲಿನ ಮೇಲೆ ಬೌಲ್ಸ್ ಆಡಲು ಸಿಗುವುದು ಹೆಚ್ಚೆಂದರೆ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಉಳಿದ ಅರ್ಧ ವರ್ಷ ಮಳೆ, ಮಂಜು, ಕತ್ತಲು. 1888ರ ಸುಮಾರಿಗೆ ವಿಲಿಯಂ ಮೆಕ್ರೇ ಎಂಬವರು ಎಡಿನ್‌ಬರೋದ ಒಂದು ಕವಾಯತು ಭವನದಲ್ಲಿ ಕಾಂಕ್ರೀಟ್ ನೆಲದ ಮೇಲೆ ಮರದ ಹೊಟ್ಟು ಹರಡಿ ಬೌಲ್ ಉರುಳಿಸಿ ನೋಡಿದರು. ಛಾವಣಿಯ ಕೆಳಗೆ ಈ ಆಟ ಆಡಬಹುದು ಎಂಬ ಯೋಚನೆಯ ಮೊದಲ ಗಟ್ಟಿ ಕುರುಹು ಅದು. ಅಲ್ಲಿ ಚಾಂಪಿಯನ್‌ಶಿಪ್ ಏನೂ ನಡೆಯಲಿಲ್ಲ. ಹೊಟ್ಟಿನ ಮೇಲೆ ಹತ್ತು ಸಲ ಉರುಳಿಸಿದರೆ ಚೆಂಡು ಹತ್ತು ದಾರಿ ಹಿಡಿಯುತ್ತದೆ. ಅದರ ಮೇಲೆ ನ್ಯಾಯವಾದ ಸ್ಪರ್ಧೆ ನಡೆಸುವುದು ಆಗದ ಮಾತು.

ನೆಲದ ಸಮಸ್ಯೆಗೆ ಉತ್ತರ ಹುಡುಕಿದವರಲ್ಲಿ ಒಬ್ಬರ ಹೆಸರು ಕೇಳಿದರೆ ನಿಮ್ಮ ಮಾವನವರು ಖಂಡಿತ ಹಿಗ್ಗುತ್ತಾರೆ. ಅವರು ಡಬ್ಲ್ಯೂ. ಜಿ. ಗ್ರೇಸ್, ಅದೇ ಗಡ್ಡದ ಕ್ರಿಕೆಟ್ ದಿಗ್ಗಜ. 1903ರಲ್ಲಿ ಸ್ಥಾಪನೆಯಾದ ಇಂಗ್ಲಿಷ್ ಬೌಲಿಂಗ್ ಅಸೋಸಿಯೇಷನ್ನಿಗೆ ಮೊದಲ ಅಧ್ಯಕ್ಷರು ಅವರೇ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಒಳಗೆ ಜಮಖಾನೆ ಹಾಸಿ ಚಳಿಗಾಲದಲ್ಲಿ ಬೌಲ್ಸ್ ಆಡುವ ಏರ್ಪಾಟು 1905-06ರ ಹೊತ್ತಿಗೆ ಅವರ ಮುತುವರ್ಜಿಯಿಂದ ಆಯಿತು. ಕ್ರಿಕೆಟ್ಟಿನಿಂದ ಬಂದವರು ಈ ಪುಟಕ್ಕೆ ಬಂದಾಗ ಬೆರಗಾಗುವುದನ್ನು ನೋಡಿದ್ದೇನೆ. ಒಳಾಂಗಣ ಬೌಲ್ಸ್‌ನ ಕಥೆಯೆಲ್ಲ ಒಂದು ಸಮತಟ್ಟಾದ ಜಮಖಾನೆಯ ಹುಡುಕಾಟ ಎಂದೇ ನನಗೆ ಅನಿಸುತ್ತದೆ.

ಇಲ್ಲೇ ಒಂದು ದಂತಕಥೆಯನ್ನೂ ಬದಿಗಿಡೋಣ, ಏಕೆಂದರೆ ಸ್ಮರಣ ಸಂಚಿಕೆಯ ಲೇಖನಗಳು ಸಾಮಾನ್ಯವಾಗಿ ಅದರಿಂದಲೇ ಶುರುವಾಗುತ್ತವೆ. 1588ರಲ್ಲಿ ಸ್ಪೇನಿನ ನೌಕಾಪಡೆ ಬರುತ್ತಿದೆಯೆಂಬ ಸುದ್ದಿ ತಲುಪಿದಾಗ ಸರ್ ಫ್ರಾನ್ಸಿಸ್ ಡ್ರೇಕ್ ಪ್ಲಿಮತ್‌ನಲ್ಲಿ ಬೌಲ್ಸ್ ಆಡುತ್ತಿದ್ದನಂತೆ, ಆಟ ಮುಗಿಸಿಯೇ ಯುದ್ಧಕ್ಕೆ ಹೊರಟನಂತೆ. ಆ ದಿನಗಳ ಬರಹಗಳಲ್ಲಿ ಈ ಪ್ರಸಂಗಕ್ಕೆ ಆಧಾರವಿಲ್ಲ. ದಶಕಗಳ ನಂತರ ಕಾಣಿಸಿಕೊಂಡು, ಆಮೇಲೆ ಬೆಳೆಯುತ್ತಾ ಹೋದ ಕಥೆ ಇದು. ಬರೆಯುವುದಾದರೆ ‘ಕಥೆಯಿದೆ’ ಎಂದು ಬರೆಯಲಿ. ಇತಿಹಾಸ ಮೇಷ್ಟ್ರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಈಗ ಕೋಟ್‌ಬ್ರಿಜ್. ಗ್ಲಾಸ್ಗೋದ ಪೂರ್ವಕ್ಕಿರುವ, ಒಂದು ಕಾಲದಲ್ಲಿ ಕಬ್ಬಿಣದ ಕುಲುಮೆಗಳಿಗೆ ಹೆಸರಾಗಿದ್ದ ಊರು. ಅಲ್ಲಿನ ಒಳಾಂಗಣ ಕ್ಲಬ್ಬಿನಲ್ಲಿ 1979ರಲ್ಲಿ ಮೊದಲ ವಿಶ್ವ ಒಳಾಂಗಣ ಬೌಲ್ಸ್ ಚಾಂಪಿಯನ್‌ಶಿಪ್ ನಡೆಯಿತು. ಈಗ ಹೋಪ್ಟನ್‌ನಲ್ಲಿ ನಡೆಯುವುದು ಇದೇ ಪಂದ್ಯಾವಳಿ, ಇದೇ ವಂಶಾವಳಿ. ಆದ್ದರಿಂದ 1979 ಎಂದವರ ಇಸವಿ ಸರಿ.

ಜಮಖಾನೆ 1906ಕ್ಕೇ ಬಂದಿದ್ದರೂ ವಿಶ್ವ ಚಾಂಪಿಯನ್‌ಶಿಪ್ ಬರಲು ಎಪ್ಪತ್ತು ವರ್ಷ ಏಕೆ ಹಿಡಿಯಿತು? ಲೇಖನದಲ್ಲಿ ಇದಕ್ಕೆ ಒಂದು ಪ್ಯಾರಾ ಮೀಸಲಿಡಲು ಹೇಳಿ, ನಿಜವಾದ ಕಾರಣ ಇಲ್ಲಿದೆ. ಬ್ರಿಟನ್ನಿನ ಟಿವಿಯಲ್ಲಿ ಸಿಗರೇಟಿನ ಜಾಹೀರಾತು 1965ರಲ್ಲಿ ನಿಷೇಧವಾಯಿತು. ಜಾಹೀರಾತಿಗೆಂದು ಇಟ್ಟ ಹಣ ಎಲ್ಲಿಗಾದರೂ ಹರಿಯಲೇಬೇಕಿತ್ತು. ಅದು ಕ್ರೀಡೆಗಳ ಪ್ರಾಯೋಜಕತ್ವಕ್ಕೆ ಹರಿಯಿತು. ಎಂಬಸಿ ಎಂಬ ಸಿಗರೇಟಿನ ಹೆಸರು 1976ರಲ್ಲಿ ವಿಶ್ವ ಸ್ನೂಕರ್‌ಗೆ, 1978ರಲ್ಲಿ ವಿಶ್ವ ಡಾರ್ಟ್ಸ್‌ಗೆ, 1979ರಲ್ಲಿ ನಮ್ಮ ಬೌಲ್ಸ್‌ಗೆ ಅಂಟಿಕೊಂಡಿತು. ಮೂರೂ ಸಣ್ಣ ಜಾಗದ ಆಟಗಳು. ಒಂದೆರಡು ಕ್ಯಾಮೆರಾ ಇದ್ದರೆ ಸಾಕು, ಮಳೆಯ ಭಯವಿಲ್ಲ. ಮನೆಮನೆಗೆ ಬಣ್ಣದ ಟಿವಿ ಬರುತ್ತಿದ್ದ ಕಾಲ ಅದು. ಜನವರಿ ಫೆಬ್ರವರಿಯ ಮಂಕು ಮಧ್ಯಾಹ್ನಗಳಿಗೆ ಪ್ರಸಾರ ಮಾಡಲು ಬಿಬಿಸಿಗೂ ಏನಾದರೂ ಬೇಕಿತ್ತು. ಹಾಗೆ ತಂಬಾಕಿನ ಹಣ, ಟಿವಿಯ ಹಸಿವು, ಕ್ಲಬ್ಬಿನ ಜಮಖಾನೆ ಮೂರೂ ಕೂಡಿದಾಗ ಈ ಚಾಂಪಿಯನ್‌ಶಿಪ್ ಹುಟ್ಟಿತು.

ಹೀಗಾಗಿ ‘ಟಿವಿಗಾಗಿ ಕಟ್ಟಿದ ಆಟ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಅಲ್ಲಿ ಆಡಿದವರು ಟಿವಿಗಾಗಿ ಹುಟ್ಟಿದವರಲ್ಲ. ಮೊದಲ ಮೂರು ವರ್ಷ, 1979, 1980, 1981ರಲ್ಲಿ ಸತತವಾಗಿ ಗೆದ್ದವರು ಇಂಗ್ಲೆಂಡಿನ ಡೇವಿಡ್ ಬ್ರಯಂಟ್. ಸಾಮರ್‌ಸೆಟ್ ಪ್ರಾಂತದ ಕ್ಲೀವ್‌ಡನ್ ಊರಿನವರು, ಹಿಂದೆ ಶಾಲಾ ಮಾಸ್ತರರಾಗಿದ್ದವರು. ಹುಲ್ಲಿನ ಮೇಲೆ 1966ರಲ್ಲಿ ಸಿಡ್ನಿಯಲ್ಲಿ ನಡೆದ ಮೊದಲ ವಿಶ್ವ ಸಿಂಗಲ್ಸ್ ಗೆದ್ದವರೂ ಇವರೇ. 1962ರಿಂದ 1978ರ ನಡುವೆ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ನಾಲ್ಕು ಸಿಂಗಲ್ಸ್ ಚಿನ್ನ ಗೆದ್ದವರು. ಬಾಯಲ್ಲಿ ಪೈಪ್ ಕಚ್ಚಿಕೊಂಡು, ಚಾಪೆಯ ಮೇಲೆ ಪೂರ್ತಿ ಕುಕ್ಕರಿಸಿ ಕುಳಿತು, ಹಾಗೇ ಮೇಲೇಳುತ್ತಾ ಬೌಲ್ ಬಿಡುವ ಅವರ ಭಂಗಿಯನ್ನು ನಾನು ಹಳೆಯ ಚಿತ್ರೀಕರಣಗಳಲ್ಲಿ ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ. ಅಂಥವರು ಮೊದಲ ವರ್ಷವೇ ಬಂದು ಗೆದ್ದದ್ದರಿಂದ ಪಂದ್ಯಾವಳಿಗೆ ಬೆಲೆ ಬಂತು. ಬ್ರಯಂಟ್ 2020ರಲ್ಲಿ ತೀರಿಕೊಂಡರು.

ಅವರ ನಂತರ ಬಂದ ಟೋನಿ ಆಲ್‌ಕಾಕ್ 1986 ಮತ್ತು 1987ರಲ್ಲಿ ಗೆದ್ದರು. ಬ್ರಯಂಟ್ ಜೊತೆ ಸೇರಿ ಡಬಲ್ಸ್‌ನಲ್ಲಿ ಆರು ವಿಶ್ವ ಒಳಾಂಗಣ ಪ್ರಶಸ್ತಿ ಪಡೆದರು. ಆಮೇಲೆ 2002ರಲ್ಲಿ, ಅಂದರೆ ಹದಿನೈದು ವರ್ಷ ಬಿಟ್ಟು, ಮತ್ತೆ ಸಿಂಗಲ್ಸ್ ಗೆದ್ದರು! ಈ ಆಟದ ಆಯುಷ್ಯ ಎಷ್ಟು ಉದ್ದ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಾಗೆಂದು ಇದು ಮುದುಕರ ಆಟ ಎಂದು ತಿಳಿದರೆ ಅದು ಇನ್ನೊಂದು ತಪ್ಪು. 1989ರಲ್ಲಿ ಗೆದ್ದ ರಿಚರ್ಡ್ ಕಾರ್ಸಿ ಎಡಿನ್‌ಬರೋದಲ್ಲಿ ಅಂಚೆ ಹಂಚುತ್ತಿದ್ದ, ಇಪ್ಪತ್ತರ ಆಸುಪಾಸಿನ ಹುಡುಗ. 1991, 1993ರಲ್ಲೂ ಅವರೇ ಗೆದ್ದರು. ಸ್ಕಾಟ್ಲೆಂಡಿನ ಅಲೆಕ್ಸ್ ಮಾರ್ಷಲ್ ಆರು ಸಲ ಸಿಂಗಲ್ಸ್ ಗೆದ್ದಿದ್ದಾರೆ. ಪಾಲ್ ಫಾಸ್ಟರ್ ಮೊದಲು ಗೆದ್ದದ್ದು 1998ರಲ್ಲಿ, 2017ರಲ್ಲೂ ಗೆದ್ದರು. ಪುರುಷರ ಸಿಂಗಲ್ಸ್ ಪಟ್ಟಿಯಲ್ಲಿ ಬ್ರಿಟನ್ನಿನ ಆಚೆಯ ಹೆಸರು ಕಾಣುವುದು ಬಲು ಅಪರೂಪ. 1992ರಲ್ಲಿ ಆಸ್ಟ್ರೇಲಿಯಾದ ಇಯಾನ್ ಶೂಬ್ಯಾಕ್ ಗೆದ್ದದ್ದು ಆ ಕಾರಣಕ್ಕೇ ದೊಡ್ಡ ಸುದ್ದಿ. ಮಹಿಳೆಯರ ಸಿಂಗಲ್ಸ್ ಶುರುವಾದದ್ದು 1988ರಲ್ಲಿ, ಪುರುಷರದಕ್ಕಿಂತ ಒಂಬತ್ತು ವರ್ಷ ತಡವಾಗಿ. ಕ್ಲಬ್ಬುಗಳಲ್ಲಿ ಅಷ್ಟೊಂದು ಹೆಂಗಸರು ಆಡುತ್ತಿದ್ದಾಗಲೂ ಈ ವಿಳಂಬ ಆದದ್ದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಲೇಖನದಲ್ಲಿ ಅದನ್ನು ಮುಚ್ಚಿಡಬೇಡಿ.

ಹೆಸರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. 2006ರ ಚಾಂಪಿಯನ್ ಮರ್ವಿನ್ ಕಿಂಗ್. ಇದೇ ಹೆಸರಿನ ಡಾರ್ಟ್ಸ್ ಆಟಗಾರರೊಬ್ಬರಿದ್ದಾರೆ, ಅದೇ ಕಾಲದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದವರ ಹೆಸರೂ ಅದೇ. ಮೂವರೂ ಬೇರೆ ಬೇರೆ ವ್ಯಕ್ತಿಗಳು. ಫೋಟೊ ಹಾಕುವಾಗ ನೋಡಿಕೊಳ್ಳಿ.

ಜಾಗಗಳ ಲೆಕ್ಕ ಹೀಗಿದೆ. 1979ರಿಂದ 1987ರವರೆಗೆ ಕೋಟ್‌ಬ್ರಿಜ್. 1988ರಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್. ನಂತರ ಸುಮಾರು ಒಂದು ದಶಕ ಪ್ರೆಸ್ಟನ್ನಿನ ಗಿಲ್ಡ್ ಹಾಲ್. 1999ರಿಂದ ನಾರ್ಫೋಕ್ ಕರಾವಳಿಯ ಹೋಪ್ಟನ್-ಆನ್-ಸೀ ಊರಿನ ಪಾಟರ್ಸ್ ರಿಸಾರ್ಟ್. ಕ್ಲಬ್ಬಿನಿಂದ ಸಭಾಭವನಕ್ಕೆ ಬಂದದ್ದು ಬರೀ ವಿಳಾಸದ ಬದಲಾವಣೆಯಲ್ಲ. ಕ್ಲಬ್ಬಿನಲ್ಲಿ ಆರೆಂಟು ರಿಂಕ್‌ಗಳು (ಒಂದೊಂದು ಪಂದ್ಯಕ್ಕೆ ಮೀಸಲಾದ ಉದ್ದನೆಯ ಪಟ್ಟಿಗಳು) ಅಕ್ಕಪಕ್ಕ ಇರುತ್ತವೆ. ಸಭಾಭವನದಲ್ಲಿ ಒಂದೇ ಒಂದು ರಿಂಕ್. ಅದೂ ಕಟ್ಟಿ ಬಿಚ್ಚುವಂಥದ್ದು: ಕೆಳಗೆ ಜೋಡಿಸಿದ ಹಲಗೆಯ ನೆಲ, ಮೇಲೆ ಜಮಖಾನೆ, ಸುತ್ತ ಪ್ರೇಕ್ಷಕರು. ಹೀಗೆ ತಾತ್ಕಾಲಿಕವಾಗಿ ಕಟ್ಟಿದ ನೆಲದಲ್ಲಿ ಎಡಗಡೆಯ ದಾರಿಗೂ ಬಲಗಡೆಯ ದಾರಿಗೂ ವ್ಯತ್ಯಾಸವಿರುವುದುಂಟು. ಒಂದು ಕಡೆ ಬೌಲ್ ಚೆನ್ನಾಗಿ ಬಾಗಿ ಬರುತ್ತದೆ, ಇನ್ನೊಂದು ಕಡೆ ಮೊಂಡುತನ ಮಾಡಿ ನೇರವಾಗಿ ಹೋಗುತ್ತದೆ. ಅದನ್ನು ಮೊದಲ ಎರಡು ಎಂಡ್‌ಗಳಲ್ಲಿ (ಇಬ್ಬರೂ ತಮ್ಮ ಬೌಲ್‌ಗಳನ್ನೆಲ್ಲ ಬಿಟ್ಟು ಮುಗಿಸುವ ಒಂದು ಸರದಿಯೇ ಎಂಡ್) ಯಾರು ಓದುತ್ತಾರೋ ಅವರು ಅರ್ಧ ಗೆದ್ದಂತೆ. ಇದೂ ಒಂದು ವಿದ್ಯೆ ಎಂದು ನಾನು ಒಪ್ಪುತ್ತೇನೆ. ಇದನ್ನು ಬೌಲ್ಸ್ ಅಲ್ಲ ಎನ್ನುವವರನ್ನು ಒಪ್ಪುವುದಿಲ್ಲ.

ಆಟದ ಎಣಿಕೆಯನ್ನೂ ಟಿವಿ ಬದಲಿಸಿತು, ಇದಕ್ಕೆ ನನ್ನ ತಕರಾರಿದೆ. ಕ್ಲಬ್ಬಿನ ಸಿಂಗಲ್ಸ್‌ನಲ್ಲಿ ಸಾಂಪ್ರದಾಯಿಕವಾಗಿ 21 ಶಾಟ್, ಅಂದರೆ ಅಂಕ, ಮೊದಲು ಮುಟ್ಟಿದವರು ಗೆದ್ದಂತೆ. ಹೋಪ್ಟನ್‌ನಲ್ಲಿ ಒಂಬತ್ತು ಎಂಡ್‌ಗಳ ಎರಡು ಸೆಟ್, ಸಮವಾದರೆ ಮೂರು ಎಂಡ್‌ಗಳ ಟೈಬ್ರೇಕ್. ಮೊದಲ ಸೆಟ್ ಅನ್ನು 12-3ರಿಂದ ಗೆದ್ದವರು ಎರಡನೆಯದನ್ನು 5-6ರಿಂದ ಸೋತು, ಟೈಬ್ರೇಕ್‌ನಲ್ಲಿ ಒಂದು ಕೆಟ್ಟ ಬೌಲ್‌ಗೆ ಪಂದ್ಯವನ್ನೇ ಕಳೆದುಕೊಳ್ಳಬಹುದು. ಒಟ್ಟು ಶಾಟ್ ಹೆಚ್ಚು, ಆದರೂ ಸೋಲು. ನೋಡುವವರಿಗೆ ರೋಚಕ, ಆಡುವವರಿಗೆ ಕಠೋರ. ಆದರೆ ಇಬ್ಬರಿಗೂ ಅದೇ ನಿಯಮ. ಆದ್ದರಿಂದ ಗೆಲುವು ಗೆಲುವೇ.

ಇನ್ನು ಬ್ರಿಸ್ಟಲ್. ಅಂತರರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಬೌಲ್ಸ್ 2022ರಲ್ಲಿ ಅಲ್ಲಿ ತನ್ನದೇ ಒಳಾಂಗಣ ಚಾಂಪಿಯನ್‌ಶಿಪ್ ಆರಂಭಿಸಿತು. ಪುರುಷರಲ್ಲಿ ಮೈಕೆಲ್ ಸ್ಟೆಪ್ನಿ, ಮಹಿಳೆಯರಲ್ಲಿ ಜೂಲಿ ಫಾರೆಸ್ಟ್ ಗೆದ್ದರು, ಇಬ್ಬರೂ ಸ್ಕಾಟ್ಲೆಂಡಿನವರು. ಅದೇ 2022ರಲ್ಲಿ ಹೋಪ್ಟನ್‌ನಲ್ಲಿ ಗೆದ್ದವರು ಇಂಗ್ಲೆಂಡಿನ ಲೆಸ್ ಗಿಲೆಟ್. ಹಾಗಾಗಿ ಒಂದೇ ವರ್ಷಕ್ಕೆ ಇಬ್ಬರು ಪುರುಷ ಚಾಂಪಿಯನ್ನರು. ಬ್ರಿಸ್ಟಲ್‌ನಲ್ಲಿ ಶುರುವಾದದ್ದು ದೇಶಗಳ ಸಂಘಗಳು ತಮ್ಮ ಆಟಗಾರರನ್ನು ಕಳಿಸುವ ಸ್ಪರ್ಧೆ. ಹೋಪ್ಟನ್‌ನದು ವರ್ಲ್ಡ್ ಬೌಲ್ಸ್ ಟೂರ್ ಎಂಬ ವೃತ್ತಿಪರ ವ್ಯವಸ್ಥೆಯ ಕೈಯಲ್ಲಿದೆ. ಅಲ್ಲಿ ರ‍್ಯಾಂಕಿಂಗ್ ಇರುವವರೂ ಅರ್ಹತಾ ಸುತ್ತು ದಾಟಿದವರೂ ಆಡುತ್ತಾರೆ. ಕುಸ್ತಿ ಅಖಾಡಗಳಲ್ಲಿ ಬೇರೆ ಬೇರೆ ಬಿರುದುಗಳಿರುವಂತೆ ಎಂದುಕೊಳ್ಳಿ. ಇಬ್ಬರು ಪೈಲ್ವಾನರ ಗದೆಯೂ ಅಸಲಿಯೇ, ಯಾವ ಅಖಾಡದ್ದು ಎಂದು ಹೇಳಬೇಕು, ಅಷ್ಟೆ.

ಮಾವನವರ ಮುಂದೆ ಮೂರು ದಾರಿಗಳಿವೆ. ಹೋಪ್ಟನ್ ವಂಶಾವಳಿಯನ್ನು ಮಾತ್ರ ಬರೆಯಬಹುದು. ಕಥೆ ಚೊಕ್ಕಟವಾಗಿ ಬರುತ್ತದೆ, ಆದರೆ ಬ್ರಿಸ್ಟಲ್ ಪಕ್ಷದವರು ಅರ್ಧ ಇತಿಹಾಸ ಎನ್ನುತ್ತಾರೆ. ಎರಡೂ ಪಟ್ಟಿಗಳನ್ನು ಬೆರೆಸಿ ಒಂದೇ ಪಟ್ಟಿ ಮಾಡಬಹುದು. ಇದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಒಮ್ಮೆ ಅಚ್ಚಾದರೆ ಮುಂದಿನವರು ಅದನ್ನೇ ನಕಲು ಮಾಡುತ್ತಾರೆ, ತಪ್ಪು ತಲೆಮಾರು ದಾಟುತ್ತದೆ. ಒಂದು ಕ್ಲಬ್ಬಿನ ಗೋಡೆಯ ಫಲಕದಲ್ಲಿ ಹೀಗೆ ಬೆರೆತ ಎರಡು ಹೆಸರುಗಳನ್ನು ಅಳಿಸಿ ಬರೆಸಲು ನಾನು ಎರಡು ಚಳಿಗಾಲ ಓಡಾಡಿದ್ದೇನೆ. ಮೂರನೆಯ ದಾರಿ, 1888ರ ಆಸುಪಾಸಿನಿಂದ ಆಟದ ಕಥೆ, 1979ರಿಂದ ಕೋಟ್‌ಬ್ರಿಜ್-ಹೋಪ್ಟನ್ ಕಥೆ, 2022ರಿಂದ ಒಕ್ಕೂಟದ ಕಥೆ, ಹೀಗೆ ಮೂರು ಭಾಗ ಮಾಡುವುದು. ಉದ್ದವಾಗುತ್ತದೆ, ಸಂಪಾದಕರು ಕತ್ತರಿ ಹಾಕಬಹುದು. ಆದರೂ ನನ್ನ ಮತ ಇದಕ್ಕೇ. ಕತ್ತರಿಸಲೇಬೇಕೆಂದರೆ ಕೊನೆಯ ಭಾಗವನ್ನು ಎರಡು ಸಾಲಿಗೆ ಇಳಿಸಲಿ, ಮಧ್ಯದ್ದನ್ನು ಮುಟ್ಟದಿರಲಿ.

ಭಾರತದ ಪ್ರಸ್ತಾಪ ತರುವಾಗಲೂ ಜೋಪಾನ. 2022ರ ಕಾಮನ್‌ವೆಲ್ತ್ ಕೂಟದಲ್ಲಿ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ದಕ್ಷಿಣ ಆಫ್ರಿಕಾವನ್ನು 17-10ರಿಂದ ಮಣಿಸಿ ಚಿನ್ನ ಗೆದ್ದಾಗ ನನ್ನ ಕಣ್ಣು ತುಂಬಿತ್ತು. ಆದರೆ ಅದು ಲೆಮಿಂಗ್ಟನ್ ಸ್ಪಾದ ಹುಲ್ಲಿನ ಮೇಲೆ ನಡೆದ ಹೊರಾಂಗಣ ಆಟ. ಒಳಾಂಗಣದ ಕಥೆಗೆ ಅದನ್ನು ಸೇರಿಸಿದರೆ ಗೊಂದಲ.

ಕೊನೆಯದಾಗಿ ಹೋಪ್ಟನ್ ಪ್ರಯಾಣ. ಗ್ಲಾಸ್ಗೋದಿಂದ ಅದು ಇಡೀ ದಿನದ ದಾರಿ. ರೈಲಿನಲ್ಲಾದರೆ ನಾರಿಚ್ ಮೂಲಕ ಗ್ರೇಟ್ ಯಾರ್ಮತ್ ತಲುಪಿ, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ. ಜನವರಿಯ ಕಡಲಗಾಳಿ ದಾವಣಗೆರೆಯವರಿಗೆ ಸುಲಭವಲ್ಲ. ಒಂದೇ ದಿನಕ್ಕೆ ಹೋಗಿ ಬರುವ ಯೋಚನೆ ಬೇಡ, ಎರಡು ರಾತ್ರಿ ತಂಗಿ. ಫೈನಲ್ ದಿನಕ್ಕಿಂತ ಮೊದಲ ಸುತ್ತುಗಳ ದಿನವೇ ಒಳ್ಳೆಯದು. ಪಂದ್ಯಗಳು ಹೆಚ್ಚು ಸಿಗುತ್ತವೆ, ನೂಕುನುಗ್ಗಲು ಕಡಿಮೆ. ಅಷ್ಟು ದೂರ ಆಗದು ಎನಿಸಿದರೆ ಮನೆಯಲ್ಲೇ ಟಿವಿ ಮುಂದೆ ಕುಳಿತರೂ ನಷ್ಟವಿಲ್ಲ. ಆದರೆ ಒಂದನ್ನು ಮಾತ್ರ ಟಿವಿ ತೋರಿಸಲಾರದು. ಎರಡು ಬೌಲ್‌ಗಳು ಜ್ಯಾಕ್‌ಗೆ ಸಮ ಅಂತರದಲ್ಲಿ ಕುಳಿತಾಗ ಅಂಪೈರ್ ಮೊಣಕಾಲೂರಿ ಅಳತೆಯ ದಾರ ಎಳೆಯುತ್ತಾರೆ. ಆ ಹೊತ್ತು ಇಡೀ ಭವನ ಉಸಿರು ಹಿಡಿಯುತ್ತದೆ. ದಾರದ ತುದಿ ಒಂದು ಬೌಲ್‌ಗೆ ತಾಗಿ ಇನ್ನೊಂದಕ್ಕೆ ಕೂದಲೆಳೆಯಷ್ಟು ದೂರ ಉಳಿದಾಗ ಹೊರಡುವ ನಿಟ್ಟುಸಿರನ್ನು ಅಲ್ಲಿ ಕುಳಿತೇ ಕೇಳಬೇಕು.

ಹೊರಡುವ ಮೊದಲು ಕ್ಲಬ್ಬಿನಲ್ಲಿ ಮಾವನವರಿಗೆ ಬೌಲ್‌ನ ಎರಡು ಬದಿಯ ವೃತ್ತಗಳನ್ನು ತೋರಿಸಿ. ಚಿಕ್ಕ ವೃತ್ತವಿರುವ ಕಡೆಗೆ ಅದು ಬಾಗುತ್ತದೆ. ಒಳಗೆ ಸೀಸ ಇರುವುದರಿಂದಲ್ಲ, ಬೌಲ್‌ನ ಆಕಾರವೇ ಹಾಗೆ ಕಡೆದದ್ದು. ವೃತ್ತ ತಿರುವುಮುರುವಾದರೆ ಬೌಲ್ ಪಕ್ಕದ ರಿಂಕ್‌ನವರ ಆಟಕ್ಕೆ ನುಗ್ಗುತ್ತದೆ. ಮೊಣಕಾಲು ಬಗ್ಗದಿದ್ದರೆ ನಿಂತಲ್ಲಿಂದಲೇ ಬೌಲ್ ಬಿಡಲು ಉದ್ದ ಹಿಡಿಕೆಯ ಉಪಕರಣವಿದೆ, ಅನೇಕ ಕ್ಲಬ್ಬುಗಳಲ್ಲಿ ಎರವಲು ಕೊಡುತ್ತಾರೆ. ಬೂಟಿನ ತಳ ಸಪಾಟಾಗಿರಬೇಕು, ಹಿಮ್ಮಡಿ ಇರಬಾರದು. ಊರಿಂದ ತಂದ ಚರ್ಮದ ಚಪ್ಪಲಿಯಲ್ಲಿ ಜಮಖಾನೆಗೆ ಇಳಿಯಲು ಬಿಡಬೇಡಿ, ಜಾರುತ್ತದೆ. ಲೇಖನದ ಕರಡು ಸಿದ್ಧವಾದ ಮೇಲೆ ಇಸವಿಗಳನ್ನು ಒಮ್ಮೆ ನೋಡಿಕೊಡಬೇಕೆಂದರೆ ಕಳುಹಿಸಿ. ಸಂತೋಷದಿಂದ ನೋಡಿಕೊಡುತ್ತೇನೆ.